ಬಾಗಿಲ ಪಕ್ಕದ ಅಜ್ಜಿಯ ಮುಖ

ಅವತ್ತು ಬೆಳಿಗ್ಗೆಯೂ ಎಂದಿನಂತೆ ಚಿತ್ರಾನ್ನ ಕಲೆಸುತ್ತಾ ಮಗಳಿಂದ ಪರೀಕ್ಷೆಯ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಪ್ರಾಚೀನ ಈಜಿಪ್ಟಿನ ಕಲೆ. ರಾಜನೆಂದರೆ ದೇವರು, ಅದಕ್ಕೇ ಅವನ ಮೂರ್ತಿ ದೊಡ್ಡದು; ಎಷ್ಟೋ ಕಡೆ ಹೆಂಡತಿ ಅವನ ಮೊಣಕಾಲೆತ್ತರ. ಸತ್ತವರ ಆತ್ಮಕ್ಕೆ ಮೂರ್ತಿಯೇ ನೆಲೆ ಎಂದು ಅವರ ನಂಬಿಕೆ. ಅದು ಗೊತ್ತಿದ್ದೂ ಹೊಸ ರಾಜರು ಹಳಬರ ಮೂರ್ತಿಗಳನ್ನೇ ಮತ್ತೆ ಕೆತ್ತಿಸಿ ತಮ್ಮ ಮುಖ, ಹೆಸರು ಹಾಕಿಸಿಕೊಳ್ಳುತ್ತಿದ್ದರು. ರಾಜ್ಯವಾಳಿದ ಒಬ್ಬ ರಾಣಿಯನ್ನಂತೂ ಗೋಡೆಗಳಿಂದಲೇ ಕೆರೆದು ಹಾಕಿದರು.

"ನಾಚ್ಕೆ ಆಗ್ತಿರ್ಲಿಲ್ವಾ ಅಮ್ಮಾ ಅವ್ರಿಗೆ?"

"ಅದೆಲ್ಲ ಆ ಕಾಲ. ವ್ಯಾನ್ ಬಂತು, ನಡಿ" ಎಂದು ಡಬ್ಬಿ ಮುಚ್ಚಿದೆ.

ಅವಳು ಹೋದ ಮೇಲೆ ನಮ್ಮತ್ತೆ ದೇವಸ್ಥಾನದಿಂದ ಬಂದು ಮೆಟ್ಟಿಲ ಮೇಲೇ ಕುಸಿದು ಕೂತರು. ಒಯ್ದಿದ್ದ ಸೇವಂತಿಗೆ ಬುಟ್ಟಿಯಲ್ಲಿ ಹಾಗೇ ಇತ್ತು.

"ನಮ್ಮತ್ತೆ ಮುಖ ಇಲ್ಲ ಕಣಮ್ಮ ಅಲ್ಲಿ. ಅಧ್ಯಕ್ಷನ ಮುಖ ಮಡಗವ್ರೆ."

ಅಟ್ಟೂರಿನ ನಮ್ಮ ಗ್ರಾಮದೇವತೆಯ ಗುಡಿಗೆ ಜಾಗ ಬಿಟ್ಟುಕೊಟ್ಟವರು ನಮ್ಮತ್ತೆಯ ಅತ್ತೆ. ಬಾಗಿಲ ಪಕ್ಕ ಕೈಮುಗಿದು ನಿಂತ ಗಾರೆಯ ಮೂರ್ತಿ ಅವರದೇ. ಫೋಟೋ ಎಂದೂ ತೆಗೆಸಿದವರಲ್ಲ; ಇದ್ದದ್ದು ಅದೊಂದೇ ರೂಪ. ಹಬ್ಬಕ್ಕೊಮ್ಮೆ ನಮ್ಮತ್ತೆ ಆ ಕೈಗಳಿಗೆ ಹೂ ಸಿಕ್ಕಿಸಿ ಮನೆಯ ಸುದ್ದಿ ಹೇಳಿ ಬರುತ್ತಿದ್ದರು.

ನಾನೇ ಹೋಗಿ ನೋಡಿದೆ. ಜೀರ್ಣೋದ್ಧಾರದ ಪರದೆ ತೆಗೆದಿದ್ದರು. ಅಜ್ಜಿಯ ಮುಖವಿದ್ದಲ್ಲಿ ದಪ್ಪ ಮೀಸೆ, ಕನ್ನಡಕ. ಸೀರೆಗೆ ಬಿಳಿ ಬಣ್ಣ ಬಳಿದು ಪಂಚೆ ಮಾಡಿದ್ದರು. ಆ ಮುಖ ಬಿಟ್ಟು ಬೇರೇನೂ ನನಗೆ ಕಾಣಿಸಲಿಲ್ಲ.

ಗುಡಿ ಸಮಿತಿಯ ಅಧ್ಯಕ್ಷರು ಅಲ್ಲೇ ಇದ್ದರು. "ಹಳೇದು ಬಿರುಕು ಬಿಟ್ಟಿತ್ತು ಮೇಡಂ. ಈ ಸಲ ಎಲೆಕ್ಷನ್‌ಗೆ ನಿಲ್ತಿದೀನಿ, ಜನಕ್ಕೆ ಮುಖ ಪರಿಚಯ ಆಗ್ಬೇಕಲ್ವಾ?"

"ದೇವರ ಬಾಗಿಲಲ್ಲೇ?"

"ಜನ ಬರೋದೇ ಇಲ್ಲಿಗಲ್ವಾ ಮೇಡಂ!"

ದನಿ ಏರಿಸಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಅವತ್ತು ಏರಿಸಿದೆ. "ಜಾಗ ಅವರದ್ದು, ನಿಂತಿರೋ ಮೈಯೂ ಅವರದ್ದು. ಅವರ ಮುಖ ಅವರಿಗೆ ವಾಪಸ್ ಕೊಡಿ."

"ಅದಕ್ಕೇನಂತೆ, ಫೋಟೋ ಕೊಡಿ, ಮಾಡ್ಸೋಣ" ಎಂದು ನಕ್ಕರು. ಫೋಟೋ ಇಲ್ಲವೆಂಬುದು ಇಡೀ ಊರಿಗೆ ಗೊತ್ತು. ಮನೆಗೆ ಬಂದು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದೆ.

ಸಂಜೆ ಪಕ್ಕದ ಮನೆಯಾಕೆ ಗುಡಿಗೆ ಹೋಗಿ ಬಂದು ಕಾಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅತ್ತೆ ಮೆಟ್ಟಿಲ ಮೇಲೇ ಕೂತಿದ್ದರು.

"ಅಲ್ಲಾ ಕಣಕ್ಕ," ಎಂದರು ಆಕೆ, ಕ್ಲಿಪ್ಪು ಕೀಳುತ್ತಾ, "ಮೀಸೆ ಏನೋ ಇಟ್ಟವ್ರೆ, ಕೈ ನೋಡೇ ಇಲ್ಲ ಅಂತ ಕಾಣ್ತದೆ. ನಿಮ್ಮತ್ತೆ ಹಸ್ರು ಬಳೆ ಅಂಗೇ ಅವೆ."