ಅಟ್ಟದ ಮೇಲಿನ ಕಾಯಿ

ಲೊಡ ಲೊಡ, ಲೊಡ ಲೊಡ. ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಗಿಟುಕು ಚಿಪ್ಪಿಗೆ ಬಡಿಯುವ ಸದ್ದು. ತಿಪಟೂರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಅತ್ತೆ ಬೆಳಗಾಗೆದ್ದು ಅಟ್ಟದ ಮೇಲೆ ಕಾಯಿ ಒಣಗಿದೆಯೇ ಎಂದು ನೋಡಲು ಈ ಸದ್ದು ಮಾಡುತ್ತಿದ್ದರು. ನಾನು ಕೆಳಗೆ ಇಲಿಯೆಂದು ಹೆದರಿ ಮುಸುಕೆಳೆಯುತ್ತಿದ್ದೆ. ಮೊನ್ನೆ ಅದೇ ಸದ್ದು ನಮ್ಮ ಅಡುಗೆಮನೆಯಿಂದ ಕೇಳಿಸಿತು. ಅವತ್ತು ನನ್ನ ಕಣ್ಣಿನ ಆಪರೇಷನ್ ಆಗಿತ್ತು. ಆಪರೇಷನ್ ಅಂದರೆ ಏನು, ತಿಂಡಿ ತಿಂದು ಹೋದವಳು ಸಂಜೆ ಕಾಫಿಗೆ ಮನೆಯಲ್ಲಿದ್ದೆ. ಕರಿ ಕನ್ನಡಕ ಹಾಕಿ, ಸೋಫಾದಲ್ಲಿ ಫಿಲ್ಮ್ ಸ್ಟಾರ್ ಹಾಗೆ ಕೂತವಳಿಗೆ ಸಿದ್ದಮ್ಮ ನೆನಪಾದಳು.

ಎಪ್ಪತ್ತರ ದಶಕದಲ್ಲಿ ಇದು ಇಷ್ಟು ಸಲೀಸಿರಲಿಲ್ಲ ನೋಡಿ. ಬೇಸಿಗೆ ರಜೆಯಲ್ಲಿ ಶಾಲೆಯ ಬೆಂಚುಗಳನ್ನು ಹೊರಗಿಟ್ಟು ಕಣ್ಣಿನ ಕ್ಯಾಂಪ್ ಮಾಡುತ್ತಿದ್ದರು. ಪೊರೆ ತೆಗೆದ ಮೇಲೆ ಎರಡೂ ಕಣ್ಣಿಗೆ ಪಟ್ಟಿ, ತಲೆಯ ಆಚೆ ಈಚೆ ಮರಳಿನ ಚೀಲ. ವಾರವಿಡೀ ಅಂಗಾತ ಮಲಗಿರಬೇಕು. ಕೆಮ್ಮುವಂತಿಲ್ಲ, ಅಳುವಂತಿಲ್ಲ, ನಗುವಂತಿಲ್ಲ. ಹೊಲಿಗೆ ಬಿಚ್ಚಿದರೆ ಕಣ್ಣು ಹೋದಂತೆಯೇ. ರೋಗಿಗಳನ್ನು ಅಲುಗಾಡದಂತೆ ನೋಡಿಕೊಂಡು ಗಂಜಿ ಕುಡಿಸಲು ವಾಲಂಟಿಯರ್ಸ್ ಬೇಕಾಗಿತ್ತು. ಸೇವಾ ಮನೋಭಾವದಿಂದ ಹೆಸರು ಕೊಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಜವೆಂದರೆ ನನಗೆ ಬೋರ್ ಆಗಿತ್ತು. ಬೆಂಗಳೂರಿನ ಕಾನ್ವೆಂಟಿನಲ್ಲಿ ಕಲಿತು ಬಂದವಳು ಬಾಯಿ ತೆರೆದರೆ ಸಾಕು, ಓರಗಿತ್ತಿಯರು ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಕೊಬ್ಬರಿ ಮಂಡಿಯ ಆ ಮನೆಯಲ್ಲಿ ನನ್ನ ಮಾತಿಗೆ ಮಾತ್ರ ಗಿರಾಕಿ ಇರಲಿಲ್ಲ.

ನನ್ನ ಪಾಲಿಗೆ ಬಂದವಳು ಕಂದಿಕೆರೆಯ ಸಿದ್ದಮ್ಮ. ಒಂದು ಕಣ್ಣು ಎಂದೋ ಪೂರ್ತಿ ಹೋಗಿತ್ತು. ಉಳಿದದ್ದು ಆಪರೇಷನ್ ಆದ ಇದೊಂದೇ. ನಾನು ಬ್ಯಾಡ್ಜ್ ಸರಿಮಾಡಿಕೊಂಡು, ಪುಸ್ತಕದ ಕನ್ನಡದಲ್ಲಿ, "ಅಜ್ಜಿಯವರೇ, ದಯವಿಟ್ಟು ಅಲುಗಾಡಬೇಡಿ" ಎಂದೆ.

ಹೊದಿಕೆ ಕುಲುಕತೊಡಗಿತು. ಪಕ್ಕದ ಹಾಸಿಗೆಯವರೂ ಕುಲುಕಿದರು.

"ಯಾರವ್ವ ಇದು? ರೇಡಿಯೋದಾಗೆ ವಾರ್ತೆ ಓದೋಳ್ನ ಕರ್ಕಂಬಂದವ್ರೆ!" ಎಂದಳು ಸಿದ್ದಮ್ಮ.

ಡಾಕ್ಟರು ಓಡಿಬಂದರು. "ಏನಮ್ಮಾ, ನಗಿಸೋಕೆ ಬಂದಿದ್ದೀರಾ? ಇವ್ರಿಗೆ ಇರೋದೇ ಒಂದು ಕಣ್ಣು. ನೀವು ಅಡುಗೆ ಕಡೆ ಹೋಗಿ."

ಅಲ್ಲೂ ನನ್ನ ಮಾತು ಕೆಲಸಕ್ಕೆ ಬರಲಿಲ್ಲವಲ್ಲ ಎಂದು ಕಣ್ಣೀರು ನುಂಗಿಕೊಂಡು ಹೊರಟೆ.

"ಬುಡಿ ಸ್ವಾಮಿ, ಆ ಹುಡ್ಗೀನೇ ಇರ್ಲಿ," ಎಂದಳು ಸಿದ್ದಮ್ಮ. "ಇನ್ ನಗಾಕಿಲ್ಲ. ಅಟ್ಟದ ಮ್ಯಾಲಿನ ಕಾಯಿ ಹಂಗೆ ಬಿದ್ಕಂಡಿರ್ತೀನಿ. ಒಂದ್ ವರ್ಷ ಅಳ್ಳಾಡ್ದೆ ಬಿದ್ದಿದ್ರೆ ತಾನೆ ಅದು ಕೊಬ್ರಿ ಆಗೋದು?"

ಹೇಳುವುದು ಸುಲಭ, ಬಿದ್ದುಕೊಂಡಿರುವುದು ಕಷ್ಟ. ಜನ್ಮವಿಡೀ ಕಾಯಿ ಸುಲಿದು ಎದೆಗೆ ಸೇರಿದ್ದ ನಾರಿನ ಧೂಳು ಒಂದು ಮಧ್ಯಾಹ್ನ ಕೆಮ್ಮಾಗಿ ಗಂಟಲಿಗೇ ಬಂತು. ಅವಳು ನನ್ನ ಕೈ ಹಿಸುಕಿದಳು.

"ಏನಾರ ಮಾತಾಡವ್ವ ಬಿರ್ನೆ. ನಿನ್ ದನಿ ಮ್ಯಾಲೆ ಗ್ಯಾನ ಇಟ್ರೆ ಕೆಮ್ಮು ಮರ್ತೋಯ್ತದೆ."

ಏನು ಮಾತಾಡಲಿ? ಹೊಳೆದದ್ದು ಕಾನ್ವೆಂಟಿನ ಡಾರ್ಮಿಟರಿ. ಹೀಗೇ ಸಾಲು ಹಾಸಿಗೆ. ದೀಪ ಆರಿದ ಮೇಲೆ ಪಿಟ್ಟೆನ್ನಬಾರದು. ಸಿಸ್ಟರ್ ಬೂಟಿನ ಸದ್ದು ದೂರವಾಗುವ ತನಕ ದಿಂಬು ಕಚ್ಚಿಕೊಂಡು ಮಲಗುತ್ತಿದ್ದ ನಾವು. ಹೇಳುತ್ತಾ ಹೋದೆ. ಕೈಯ ಬಿಗಿ ಮೆಲ್ಲಗೆ ಸಡಿಲವಾಯಿತು.

"ಅಯ್ಯೋ, ನೀನೂ ಅಟ್ಟದ ಕಾಯೇ ಅನ್ನು," ಎಂದಳು. ಮುಂದೆ ಹೇಳು ಎನ್ನುವ ಹಾಗೆ, "ಆಮ್ಯಾಕೆ?"

ಆ ವಾರ ನಾನು ಆಡಿದಷ್ಟು ಮಾತು ಮದುವೆಯಾದ ಮೇಲೆ ಆಡಿರಲಿಲ್ಲ. ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದರೆ ಅತ್ತೆ ಜೀರಿಗೆ ಕಷಾಯ ಕೊಟ್ಟು, "ಪುಕ್ಸಟ್ಟೆ ಚಾಕ್ರಿಗೆ ಇಷ್ಟು ಖುಷಿನೇನೇ ನಿಂಗೆ?" ಎನ್ನುತ್ತಿದ್ದರು. ಉತ್ತರ ಕೊಡಲು ದನಿ ಇರುತ್ತಿರಲಿಲ್ಲ. ಆದರೆ ಖುಷಿ ಇತ್ತು.

ಪಟ್ಟಿ ಬಿಚ್ಚುವ ದಿನ, ನಾಚಿಕೆ ಬಿಟ್ಟು ಹೇಳುತ್ತೇನೆ, ಮದುವೆಯ ಕ್ರೇಪ್ ಸೀರೆ ಉಟ್ಟು ಹೋದೆ. ಆ ಕಣ್ಣು ಮೊದಲು ನೋಡುವ ಮುಖ ನನ್ನದಾಗಲಿ ಎಂದು. ಎದುರಿಗೆ ಹೋಗಿ ನಿಂತದ್ದೂ ಆಯಿತು. "ಬೆಳಕಿಗೆ ಅಡ್ಡ ನಿಲ್ಲಬೇಡಿ," ಎಂದು ಡಾಕ್ಟರು ಉಪ್ಪಿಟ್ಟು ಬಡಿಸಲು ಕಳಿಸಿದರು. ಸೌಟು ಹಿಡಿದೇ ಕೇಳಿಸಿಕೊಂಡೆ.

"ಎಷ್ಟು ಬೆರಳು ಅಜ್ಜಿ?"

"ಮೂರು ಸ್ವಾಮಿ! ಕಾಣ್ತದೆ, ನನ್ ಶಿವ್ನೇ, ಕಾಣ್ತದೆ!"

ಉಪ್ಪಿಟ್ಟಿನ ಪಂಕ್ತಿ ಮುಗಿಸಿ ಬರುವಷ್ಟರಲ್ಲಿ ಮಗಳು ಅವಳನ್ನು ಬಸ್ಸಿಗೆ ಕರೆದುಕೊಂಡು ಹೋಗಿಯಾಗಿತ್ತು. ಹಾಸಿಗೆಯ ಮೇಲೆ ಎರಡು ಮರಳಿನ ಚೀಲ, ನಡುವೆ ತಲೆಯಷ್ಟು ಜಾಗ.

ಮೊನ್ನೆ ಸೋಫಾದಲ್ಲಿ ಕೂತು ಅವಳ ಮುಖ ನೆನಪಿಸಿಕೊಳ್ಳಲು ನೋಡಿದೆ. ಬಿಳಿ ಪಟ್ಟಿಯೇ ಕಣ್ಣಮುಂದೆ ಬರುತ್ತದೆ. ಕರಿ ಕನ್ನಡಕದ ಹಿಂದೆ ಕಣ್ಣು ಮುಚ್ಚಿದೆ, ದನಿ ಬಂತು: "ಆಮ್ಯಾಕೆ?" ನನ್ನಲ್ಲೂ ಉಳಿದದ್ದು ದನಿಯೇ ಎಂದು, ಮೊದಲ ಸಲ ನನಗೆ ಆ ಕ್ರೇಪ್ ಸೀರೆಯ ಬೇಜಾರು ಹೋಯಿತು.

ಅವಳನ್ನು ಪಟ್ಟಿಯಿಲ್ಲದೆ ಕಂಡದ್ದು ಒಂದೇ ಸಲ, ಕೊನೆಯ ಸಲ. ಮರುವರ್ಷ, ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ. ಸೋಡಾ ಬಾಟಲಿ ತಳದಂಥ ದಪ್ಪ ಗಾಜಿನ ಕನ್ನಡಕ. ನೇರ ನನ್ನ ಹತ್ತಿರವೇ ಬಂದು, ಮುಖ ನೋಡಿ, ಯಾರೋ ದಾರಿಹೋಕರನ್ನು ಕೇಳುವ ಹಾಗೆ, "ಕಂದಿಕೆರೆ ಬಸ್ಸು ಹೋಯ್ತೇನವ್ವ?" ಎಂದಳು.

"ಇನ್ನೂ ಬಂದಿಲ್ಲ ಅಜ್ಜಿ."

ಸಿದ್ದಮ್ಮ ನಿಂತುಬಿಟ್ಟಳು. ಕನ್ನಡಕ ತೆಗೆದಳು. ಅಷ್ಟು ಪಾಡು ಪಟ್ಟು ಉಳಿಸಿಕೊಂಡ ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡು, "ಇನ್ನೊಂದ್ ಕಿತ ಮಾತಾಡು," ಎಂದಳು.

ಬಾಯಿಗೆ ಬಂದದ್ದು ಅದೊಂದೇ.

"ಅಜ್ಜಿಯವರೇ, ದಯವಿಟ್ಟು ಅಲುಗಾಡಬೇಡಿ."

ಅವಳು ನಕ್ಕಳು. ಬಸ್ ಸ್ಟ್ಯಾಂಡೆಲ್ಲ ತಿರುಗಿ ನೋಡುವಂತೆ, ಹೊಟ್ಟೆ ಹಿಡಿದುಕೊಂಡು, ತಲೆ ಅಲ್ಲಾಡಿಸಿ ಅಲ್ಲಾಡಿಸಿ ನಕ್ಕಳು. ನಗಬೇಡಿ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಬಸ್ಸು ಬಂತು, ಹತ್ತಿ ಕಿಟಕಿ ಪಕ್ಕ ಕೂತ ಮೇಲೂ, ಬಸ್ಸು ತಿರುವು ದಾಟುವ ತನಕ, ಆ ಭುಜಗಳು ಕುಲುಕುತ್ತಲೇ ಇದ್ದವು.