ಹೊಸ್ತಿಲ ಬೆಳಕಿನಲ್ಲಿ ನನ್ನ ಹೊಂಬಣ್ಣದ ಕೂದಲು

ಗುಂಡ್ಲುಪೇಟೆಯಲ್ಲಿ ನಮ್ಮದೊಂದು ಮ್ಯಾಚಿಂಗ್ ಸೆಂಟರ್ ಇದೆ. ರವಿಕೆ ಬಟ್ಟೆ, ಲೈನಿಂಗ್, ಸೀರೆಯ ಫಾಲ್ಸು, ಅಷ್ಟೇ ಅಲ್ಲಿ ಸಿಗುವುದು. ಶುರು ಮಾಡಿದವಳು ಅವ್ವ. ಅವಳ ಕಣ್ಣು ಮಂಜಾದ ಮೇಲೆ ಗಲ್ಲಾದಲ್ಲಿ ಕೂತವಳು ನಾನು. ಬಂದವರಿಗೆಲ್ಲ ನಾನು ಹೇಳುವ ಮಾತು ಅವ್ವ ಹೇಳುತ್ತಿದ್ದುದೇ: "ಒಳಗಡೆ ಲೈಟಲ್ಲಿ ನೋಡ್ಬೇಡಿ, ಬಾಗಿಲಿಗೆ ಬನ್ನಿ, ಬೆಳಕಿಗೆ ಹಿಡಿದು ನೋಡಿ." ಒಳಗೆ ಸೀರೆಯ ಅಂಚಿಗೆ ಬಣ್ಣ ಕೂಡಿತು ಎನ್ನಿಸಿದ ಬಟ್ಟೆ ಹೊಸ್ತಿಲು ದಾಟಿದ ಕೂಡಲೇ ಬೇರೆಯೇ ಆಗಿಬಿಡುತ್ತದೆ. ಇಷ್ಟು ವರ್ಷ ಇದನ್ನು ಊರ ಹೆಂಗಸರಿಗೆಲ್ಲ ಬೋಧಿಸಿದ ನಾನು ನನ್ನ ತಲೆಗೆ ಹಚ್ಚುವ ಬಣ್ಣವನ್ನು ಮಾತ್ರ ಬಾಗಿಲು ಮುಚ್ಚಿದ ಪಾರ್ಲರಿನಲ್ಲಿ, ಹಳದಿ ಬಲ್ಬುಗಳ ಕೆಳಗೆ ಕೂತು ಆರಿಸಿದೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಮುಸುರೆಯ ಬಾನಿಯೊಳಗೆ ಬಿತ್ತಂತೆ.

ಬಣ್ಣದ ಹುಚ್ಚು ನನಗೆ ಸುಮ್ಮನೆ ಹತ್ತಿದ್ದಲ್ಲ. ಅವ್ವನ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಆಪರೇಷನ್ ಎಂದರೆ ಮಾತು ಬದಲಿಸುತ್ತಿದ್ದವಳು ಈ ಸಲ ಅದು ಹೇಗೋ ಒಪ್ಪಿಬಿಟ್ಟಳು. ಒಪ್ಪಿದ ದಿನವೇ ಹೇಳಿದಳು, "ಕಣ್ ಬಂದೇಟ್ಗೆ ಮೊದ್ಲು ನಿನ್ ಮೊಕ ನೋಡ್ತೀನಿ ಕಣ ಕೂಸು."

ನನಗೆ ಸಂತೋಷವಾಗಬೇಕಿತ್ತು. ಆದರೆ ಕೈ ತಾನಾಗಿ ತಲೆಗೆ ಹೋಯಿತು. ಅವ್ವ ನನ್ನನ್ನು ಸರಿಯಾಗಿ ನೋಡುತ್ತಿದ್ದ ಕಾಲದಲ್ಲಿ ನನ್ನ ತಲೆ ಕಪ್ಪಗಿತ್ತು. ಆಮೇಲೆ ನರೆ ಬಂತು, ಅವಳಿಗೆ ಕಾಣಲಿಲ್ಲ, ನಾನೂ ಹೇಳಲಿಲ್ಲ. ನಾನು ಮದುವೆಯಾದವಳಲ್ಲ. "ನನ್ನೂ ಅಂಗ್ಡೀನೂ ನೋಡ್ಕಂಡು ನಿನ್ ಜೀವ ಸವ್ದೋಯ್ತು" ಎಂದು ಅವ್ವ ಕೊರಗುತ್ತಲೇ ಇರುತ್ತಾಳೆ. ಕಣ್ಣು ಬಂದ ದಿನವೇ ಆ ಕೊರಗಿಗೆ ಸಾಕ್ಷಿ ಹೇಳುವ ಹಾಗೆ ಬಿಳಿ ತಲೆ ಹೊತ್ತು ಅವಳೆದುರು ನಿಲ್ಲಲು ನನಗೆ ಮನಸ್ಸಿರಲಿಲ್ಲ.

ಕರಿ ಬಣ್ಣ ಹಚ್ಚಬಹುದಿತ್ತು, ನಿಜ. ಒಮ್ಮೆ ಹಚ್ಚಿಯೂ ಇದ್ದೆ. ಕೆಲವೇ ದಿನದಲ್ಲಿ ಬೈತಲೆಯಲ್ಲಿ ಸುಣ್ಣದ ಗೆರೆ ಎಳೆದ ಹಾಗೆ ಬಿಳಿ ಎದ್ದು ಕಂಡಿತು. ಚಾಮರಾಜನಗರದಲ್ಲಿರುವ ನನ್ನ ತಮ್ಮನ ಹೆಂಡತಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. "ಅಕ್ಕ, ಬ್ಲಾಂಡ್ ಹಾಕ್ಸಿ, ಫಾರಿನ್ನೋರ್ ಥರ ಹೊಂಬಣ್ಣ. ಬುಡದಲ್ಲಿ ಬಿಳಿ ಬಂದ್ರೂ ಅದ್ರಲ್ಲೇ ಸೇರ್ಕತದ, ಗೊತ್ತೇ ಆಗಲ್ಲ" ಎಂದಳು. ಅವ್ವನನ್ನು ಕಣ್ಣಿನ ಪರೀಕ್ಷೆಗೆ ಅಲ್ಲಿಗೆ ಕರೆದುಕೊಂಡು ಹೋಗಿದ್ದ ದಿನ, ಅವ್ವನನ್ನು ತನ್ನ ಮನೆಯಲ್ಲಿ ಮಲಗಿಸಿ ನನ್ನನ್ನು ಪಾರ್ಲರಿಗೆ ಎಳೆದುಕೊಂಡು ಹೋದಳು. ಅಲ್ಲಿ ಬಣ್ಣದ ಕಾರ್ಡಿನಲ್ಲಿ ಕೂದಲಿನ ಸಣ್ಣ ಸಣ್ಣ ಕುಚ್ಚುಗಳಿದ್ದವು, ನಮ್ಮ ಅಂಗಡಿಯ ನೂಲಿನ ಲಡಿಗಳ ಥರ. ಒಂದಕ್ಕೆ ಬೆರಳಿಟ್ಟೆ. ತೊಳೆದು ಒಣಗಿಸಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಅಪ್ಪಟ ಜೇನಿನ ಬಣ್ಣ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ನಾನು ಇಷ್ಟು ಚೆನ್ನಾಗಿದ್ದೇನೆ ಎಂದು ಅಷ್ಟು ದಿನ ಯಾರೂ ನನಗೆ ಹೇಳಿರಲಿಲ್ಲ.

ಆ ಖುಷಿ ಬಸ್ ಸ್ಟ್ಯಾಂಡಿನವರೆಗೂ ಉಳಿಯಲಿಲ್ಲ. ಬಸ್ಸಿನ ಕಿಟಕಿಯ ಗಾಜಿನಲ್ಲಿ, ಇಳಿಬಿಸಿಲಿನಲ್ಲಿ ನೋಡಿಕೊಂಡರೆ ತಲೆ ತಾಮ್ರದ ಹಂಡೆಯಾಗಿತ್ತು. ಪಕ್ಕದಲ್ಲಿ ಕೂತಿದ್ದ ಅವ್ವನಿಗೆ ಏನೂ ಕಾಣದು. ಎದುರು ಸೀಟಿನ ಮಗು ಮಾತ್ರ ಗುಂಡ್ಲುಪೇಟೆ ಬರುವವರೆಗೂ ನನ್ನನ್ನೇ ನೋಡುತ್ತಿತ್ತು. ಮಾರನೇ ದಿನ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅದೇ ತಲೆ ಒಣಗಿದ ಭತ್ತದ ಹುಲ್ಲು. ಪಕ್ಕದ ಅಂಗಡಿಯ ಟೈಲರ್ ಸಾಬರು, ಗಡ್ಡಕ್ಕೆ ಮೆಹಂದಿ ಹಚ್ಚುವ ಹಿರಿಯರು, ಕತ್ತರಿ ಕೆಳಗಿಟ್ಟು ಬಾಗಿಲಿಗೇ ಬಂದರು. "ಮೆಹಂದಿ ಬೇಕಂದ್ರೆ ನಮ್ಮನೇಲೇ ಕಲಸಿ ಕೊಡ್ತಿದ್ರು ಅಕ್ಕಾ. ಇದಕ್ಕೆ ನಗರಕ್ಕೆ ಯಾಕೆ ಹೋಗಿದ್ರಿ?"

ಇದು ಮೆಹಂದಿಯಲ್ಲ ಎಂದು ಅವರಿಗೆ ವಿವರಿಸುವಷ್ಟರಲ್ಲಿ ಬೇಗೂರಿನಿಂದ ತಾಯಿ ಮಗಳು ಬಂದರು, ಮದುವೆ ರವಿಕೆಗೆ ಬಟ್ಟೆ ಹುಡುಕಿಕೊಂಡು. ತಾಯಿ ನನ್ನ ತಲೆ ಕೆಂಚು ಎಂದಳು. ಮಗಳು, ಇಲ್ಲ, ಹಳದಿ ಎಂದಳು. ಇಬ್ಬರೂ ಅದರ ಮೇಲೆ ವಾದ ಮಾಡಿದ್ದೇ ಮಾಡಿದ್ದು, ರವಿಕೆ ಬಟ್ಟೆ ಮರೆತೇ ಹೋಯಿತು. ನಾನು ನೀಲಿ ಸೀರೆ ಉಟ್ಟಿದ್ದೇ ಇದಕ್ಕೆ ಕಾರಣ ಎಂದು ಆಗ ಹೊಳೆಯಿತು. ನೀಲಿಯ ಪಕ್ಕದಲ್ಲಿ ಹೊಂಬಣ್ಣ ಕಿತ್ತಳೆಗೆ ತಿರುಗುತ್ತದೆ, ಅರಿಶಿನ ಬಣ್ಣದ ಪಕ್ಕದಲ್ಲಿ ಮಂಕಾಗಿ ಕಂದಾಗುತ್ತದೆ. ಅಂಗಡಿಯಲ್ಲಿ ದಿನ ಬೆಳಗಾದರೆ ನೋಡುವುದೇ ಇದನ್ನು. ಆದರೆ ರವಿಕೆಯಾದರೆ ಬಿಚ್ಚಿಟ್ಟು ಬೇರೆ ತೊಡಬಹುದು, ತಲೆಯನ್ನು ಎಲ್ಲಿ ಬಿಚ್ಚಿಡಲಿ? ಅಂದಿನಿಂದ ಬೆಳಿಗ್ಗೆ ಎದ್ದರೆ ಸೀರೆಗೆ ರವಿಕೆ ಹೊಂದಿಸುವ ಬದಲು ತಲೆಗೆ ಸೀರೆ ಹೊಂದಿಸುವ ಗತಿ ಬಂತು.

ಅವ್ವನ ಆಪರೇಷನ್ ಸುಸೂತ್ರವಾಗಲೆಂದು ಒಂದು ಶನಿವಾರ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದೆ. ಮೇಲೆ ಮಂಜು ಕವಿದಿತ್ತು. ದೇವಸ್ಥಾನದ ಸಾಲಿನಲ್ಲಿ ನನಗಿಂತ ನಾಲ್ಕೈದು ವರ್ಷವಷ್ಟೇ ಚಿಕ್ಕವಳಿರಬೇಕು, ಒಬ್ಬ ಹೆಂಗಸು ತಟ್ಟನೆ ಪಕ್ಕಕ್ಕೆ ಸರಿದು, "ನೀವ್ ಮುಂದ್ಕೋಗಿ ಅಜ್ಜಿ, ವಯಸ್ಸಾದೋರು ನಿಂತ್ಕಬಾರ್ದು" ಎಂದಳು. ಮೊಬೈಲಿನಲ್ಲಿ ಮುಖ ನೋಡಿಕೊಂಡೆ. ಮಂಜಿನ ಬೆಳಕಿನಲ್ಲಿ ಜೇನೂ ಇಲ್ಲ, ತಾಮ್ರವೂ ಇಲ್ಲ, ತಲೆಯ ತುಂಬ ಬೂದಿ. ನರೆ ಮುಚ್ಚಲೆಂದು ಹಚ್ಚಿದ್ದು ಇದ್ದದ್ದಕ್ಕಿಂತ ಹೆಚ್ಚು ನರೆ ತೋರಿಸುತ್ತಿತ್ತು. ಆ ಫೋಟೋವನ್ನೇ ತಮ್ಮನ ಹೆಂಡತಿಗೆ ಕಳಿಸಿದೆ. "ಅಯ್ಯೋ ಅಕ್ಕ, ಬಣ್ಣ ಹೋಗ್ಬುಡ್ತಾ?" ಎಂದು ಉತ್ತರ ಬಂತು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಮೊಬೈಲನ್ನು ಚೀಲದೊಳಗೆ ತುರುಕಿದೆ.

ನನ್ನ ತಲೆಯ ಬಗ್ಗೆ ತಕರಾರಿಲ್ಲದಿದ್ದವಳು ಅವ್ವ ಒಬ್ಬಳೇ. ಪೊರೆಗಣ್ಣಿಗೆ ಲೋಕವೆಲ್ಲ ಕಾಫಿ ಡಿಕಾಕ್ಷನ್ ಬಣ್ಣ. ಭಾನುವಾರ ಎಂದಿನಂತೆ ನನ್ನನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ತಟ್ಟುವಾಗ ಅವಳ ಕೈ ಮಾತ್ರ ತಡೆಯಿತು. "ಯಾಕ್ ಕೂಸು, ಕೂದ್ಲು ನಾರಾದಂಗಾಗದ?" ಎಂದಳು. ಬೋರ್‌ವೆಲ್ ನೀರಿನಿಂದ ಎಂದೆ. "ಇರ್ಬೋದು ಬುಡು" ಎಂದು ಇನ್ನಷ್ಟು ಎಣ್ಣೆ ಸುರಿದಳು. ಎಣ್ಣೆ ಕುಡಿದ ಕೂದಲು ಮನೆಯೊಳಗಿನ ಬೆಳಕಿನಲ್ಲಿ ಹೆಚ್ಚುಕಡಿಮೆ ಕಪ್ಪಾಗಿ ಕಂಡಿತು. ಸದ್ಯ, ಒಂದು ದಾರಿ ಸಿಕ್ಕಿತು ಎಂದುಕೊಂಡೆ.

ಚಾಮರಾಜನಗರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮಾರನೇ ಬೆಳಿಗ್ಗೆ ಪಟ್ಟಿ ಬಿಚ್ಚುವ ಹೊತ್ತಿಗೆ ನಾನು ಪೂರ್ತಿ ತಯಾರಾಗಿದ್ದೆ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ತುರುಬು ಕಟ್ಟಿ, ಅರಿಶಿನ ಬಣ್ಣದ ಸೀರೆ ಉಟ್ಟು, ಕಿಟಕಿಯ ಕಡೆ ಸುಳಿಯದೆ, ಬೆಳಕು ಬಾರದ ಮೂಲೆಯೊಂದನ್ನು ಹುಡುಕಿ ನಿಂತಿದ್ದೆ. ತಮ್ಮನ ಹೆಂಡತಿ ನನ್ನ ಅವತಾರ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅವಳ ಕಡೆ ತಿರುಗಲೇ ಇಲ್ಲ. ನರ್ಸ್ ಪಟ್ಟಿ ತೆಗೆದು, ಕಣ್ಣೊರೆಸಿ, ಅವ್ವನಿಗೆ ಕಪ್ಪು ಕನ್ನಡಕ ಹಾಕಿದಾಗ ಹೋದ ಜೀವ ಬಂದಂತಾಯಿತು. ಕಪ್ಪು ಗಾಜಿನ ಹಿಂದೆ ಯಾವ ಬಣ್ಣವಾದರೇನು!

ಅವ್ವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು. ಗೋಡೆ ನೋಡಿದಳು, ಹಾಸಿಗೆಯ ಮೇಲಿನ ಬಟ್ಟೆ ನೋಡಿದಳು. "ಬಿಳೀದು ಇಷ್ಟ್ ಬೆಳ್ಳಗಿತ್ತಾ? ನಂಗೆ ಮರ್ತೇ ಓಗಿತ್ತು" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಲ್ಯಾಕ್ ಮೂಲೇಲಿ ನಿಂತಿದ್ದೀಯ? ಬಾಗಿಲ್ಗೆ ಬಾ, ಬೆಳಕ್ಗೆ ಬಾ."

ಅದು ಅಂಗಡಿಯ ದನಿ. ಆ ದನಿಗೆ ಎದುರಾಡಿದ ಗಿರಾಕಿಯನ್ನು ನಾನು ಕಂಡಿಲ್ಲ. ಅವಳೇ ಮಂಚದಿಂದಿಳಿದು ನನ್ನ ತೋಳು ಹಿಡಿದು ಬಾಗಿಲಿಗೆ ನಡೆದಳು. ಹೊರಗಿನ ವರಾಂಡದ ತುಂಬ ಬಿಸಿಲು. ಅವ್ವ ಮೊದಲು ನನ್ನ ಮುಖ ನೋಡಿದಳು. ಹಣೆ, ಕಣ್ಣಿನ ಕೆಳಗಿನ ಗೆರೆ, ಗಲ್ಲ, ಒಂದೊಂದನ್ನೂ ನಿಧಾನವಾಗಿ ನೋಡಿದಳು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಗ್ಗು ಎಂದಳು, ಬಗ್ಗಿದೆ. ಚಿಕ್ಕಂದಿನಲ್ಲಿ ಹೇನು ನೋಡುತ್ತಿದ್ದ ಹಾಗೆ ಎರಡು ಬೆರಳಿನಲ್ಲಿ ಬೈತಲೆ ಬಿಡಿಸಿದಳು. ಇಷ್ಟು ದಿನದಲ್ಲಿ ಬುಡದಿಂದ ಬಿಳಿ ಎದ್ದಿತ್ತು. ಹೊಂಬಣ್ಣದಲ್ಲಿ ಅದೇನೂ ಸೇರಿಕೊಂಡಿರಲಿಲ್ಲ.

"ಇದ್ಯಾವಾಗಿಂದ?"

"ಬಾಳ ದಿನ ಆಯ್ತು ಕಣವ್ವ."

"ನಂಗ್ಯಾಕ್ ಏಳ್ನಿಲ್ಲ?"

"ನೀನು ಕೊರಗ್ತೀಯ ಅಂತ."

ಅವಳು ಇನ್ನೊಂದು ಕಡೆಯೂ ಕೂದಲು ಬಿಡಿಸಿ ನೋಡಿದಳು. ಬೆರಳುಗಳು ನನ್ನ ತಲೆಯ ಮೇಲೇ ಇದ್ದವು. ಹಿಂದಿನಿಂದ ನರ್ಸ್, ಬಿಸಿಲಿಗೆ ಹೋಗಬೇಡಿ ಅಜ್ಜಿ, ಕನ್ನಡಕ ಸರಿಯಾಗಿ ಹಾಕ್ಕೊಳ್ಳಿ ಎಂದು ಕೂಗುತ್ತಿದ್ದಳು. ಅವ್ವ ಕೇಳಿಸಿಕೊಳ್ಳಲಿಲ್ಲ. "ಈ ಮೇಲಿರೋದು ನಿಂಗೆ ಕೂಡ್ನಿಲ್ಲ ಕೂಸು" ಎಂದಳು. ಆಮೇಲೆ ತನ್ನ ಜಡೆಯ ತುದಿಯನ್ನು ಹೆಗಲ ಮೇಲಿಂದ ಮುಂದಕ್ಕೆಳೆದು, ಆ ಬಿಳಿ ಎಳೆಗಳನ್ನು ನನ್ನ ಬೈತಲೆಗೆ ತಾಗಿಸಿ ಹಿಡಿದಳು. ಸೀರೆಯ ಅಂಚಿಗೆ ರವಿಕೆಯ ತುಂಡು ಹಿಡಿಯುತ್ತಿದ್ದುದು ಹೀಗೇ, ಒಮ್ಮೆ ಹತ್ತಿರದಿಂದ, ಒಮ್ಮೆ ಕತ್ತು ಹಿಂದಕ್ಕೆ ಎಳೆದು ದೂರದಿಂದ.

"ಇದು ಕೂಡ್ತು" ಎಂದಳು. "ಇದೇ ಇರ್ಲಿ."