ಪರದೆ ಒಗೆದ ಮಾವ

ನನ್ನ ಮಾವನ ಬೆರಳ ತುದಿಗಳು ಯಾವಾಗಲೂ ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಸವಣೂರಿನ ಕೆರೆಯಲ್ಲಿ ಊರಿನ ಬಟ್ಟೆ-ಅರಿವಿ ಒಗೆದೂ ಒಗೆದೂ ಹಾಗಾಗಿದ್ದವು. ಆ ಬೆರಳನ್ನು ಬಟ್ಟೆಯ ಮೇಲೆ ಆಡಿಸಿ, ಇದು ಎಣ್ಣೆಯ ಕಲೆ, ಇದು ಎಲೆ ಅಡಿಕೆಯದು, ಇದನ್ನು ಉಟ್ಟವಳು ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದಾಳೆ ಎಂದು ಹೇಳಿಬಿಡುತ್ತಿದ್ದ.

ನಾನು ಓದಿದವನಲ್ಲ. ಊರೂರು ತಿರುಗುವ ಸಿನಿಮಾ ಟೆಂಟಿನಲ್ಲಿ ಕಂಬ ನೆಡುವವನು, ಪರದೆ ಕಟ್ಟುವವನು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಇಷ್ಟೇ ನಮ್ಮ ಸುತ್ತು. ಅಷ್ಟು ದೊಡ್ಡ ಪರದೆಯನ್ನು ಸುಕ್ಕಾಗದಂತೆ ಒಗೆದು, ನೀಲಿ ಹಾಕಿ ಕೊಡುವವನು ಈ ಸೀಮೆಯಲ್ಲಿ ಮಾವ ಒಬ್ಬನೇ. ಪರದೆ ಹೊತ್ತು ಕೆರೆಗೆ ಹೋಗಿ ಬಂದು ಮಾಡುವಾಗಲೇ ಅವನ ಮಗಳನ್ನು ಕಂಡದ್ದು. ಕೇಳಿದೆ. ಕೊಡಲಿಲ್ಲ.

"ಇವತ್ತ ಇಲ್ಲಿ ಗೂಟ ಬಡೀತಿ, ನಾಳೆ ಅಲ್ಲಿ ಬಡೀತಿ. ನಿನಗ ಮಗಳನ್ನ ಕೊಟ್ಟು ನಾ ಎಲ್ಲಿ ಅಂತ ಹುಡುಕ್ಲಿ?" ಎಂದ.

ನಾವು ರಟ್ಟೀಹಳ್ಳಿಯ ಗುಡಿಯಲ್ಲಿ ಮದುವೆಯಾಗಿ ಅಲ್ಲೇ ಒಂದು ಖೋಲಿ ಹಿಡಿದೆವು. ಮಗಳು ಇನ್ನು ತನ್ನ ಹೊಸ್ತಿಲು ತುಳಿಯಬಾರದು ಎಂದು ಮಾವ ಹೇಳಿ ಕಳಿಸಿದ.

ಆದರೆ ಪರದೆ ಒಗೆಯಬೇಕಲ್ಲ. ಟೆಂಟು ಸವಣೂರಿಗೆ ಬಂದಾಗಲೆಲ್ಲ ನಾನೇ ಹೊತ್ತು ಹೋಗುತ್ತಿದ್ದೆ. ಮಾವ ನನ್ನ ಮುಖ ನೋಡುತ್ತಿರಲಿಲ್ಲ. ಅವನದೊಂದು ಕತ್ತೆ ಇತ್ತು. ಅದನ್ನು ಸಾಹೇಬ ಎಂದು ಕರೆಯುತ್ತಿದ್ದ. ನನಗೆ ಹೇಳಬೇಕಾದದ್ದನ್ನೆಲ್ಲ ಅದಕ್ಕೆ ಹೇಳುತ್ತಿದ್ದ. "ಸಾಹೇಬ, ಹಗ್ಗ ಹಿಡಿಯಾಕ ಬರದವ್ರು ದೂರ ನಿಂದ್ರಲಿ ಅನ್ನು." ನಾನೂ ಕತ್ತೆಗೇ ಉತ್ತರ ಕೊಡುತ್ತಿದ್ದೆ. ಕೆರೆಯ ದಂಡೆಯ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಊರಿಗೆ ಮರಳಿದರೆ ಹೆಂಡತಿ ಕೇಳುವುದು ಒಂದೇ ಮಾತು. ಅಪ್ಪ ಏನಂದ? ಸಾಹೇಬನಿಗೆ ಏನೋ ಅಂದ ಎನ್ನುತ್ತಿದ್ದೆ. ಅವಳು ಆ 'ಏನೋ' ಏನೆಂದು ಬಿಡಿಸಿ ಬಿಡಿಸಿ ಕೇಳುತ್ತಿದ್ದಳು. ಅವಳಿಗೆ ಆಗ ಏಳು ತಿಂಗಳು. ಮೊದಲ ಹೆರಿಗೆ ತವರಿನಲ್ಲಾಗಬೇಕು. ತಾಯಿ ಇಲ್ಲದವಳು. ತವರೆಂದರೆ ಅಪ್ಪನೇ.

ಆ ಹೊತ್ತಿಗೆ ನಮ್ಮ ಟೆಂಟಿಗೆ ಒಂದು ಹೊಸ ಚಿತ್ರ ಬಂತು. ದೇವರಿಲ್ಲ, ಕತ್ತಿ ಕಾಳಗವಿಲ್ಲ. ಮನಸ್ಸಿಗೆ ಬಂದವನ ಜೊತೆ ಹೋದ ಮಗಳು ತಿರುಗಿ ಬಂದು ಹೊಸ್ತಿಲ ಹೊರಗೆ ಕೂರುತ್ತಾಳೆ. ಅಪ್ಪ ಬಾಗಿಲು ತೆಗೆಯುವುದಿಲ್ಲ. ತೆಗೆಯುವ ಹೊತ್ತಿಗೆ ಅವಳು ಇರುವುದಿಲ್ಲ. ಹುಬ್ಬಳ್ಳಿಯಿಂದ ಬಂದ ಪೇಪರನ್ನು ಟೆಂಟಿನ ಸಾವ್ಕಾರ ನಮಗೆ ಓದಿ ಹೇಳಿದ. ಪಾತ್ರಗಳು ಚೆನ್ನ, ಆದರೆ ಹೆತ್ತ ತಂದೆಯನ್ನು ಸಣ್ಣವನನ್ನಾಗಿ ಮಾಡಿದ್ದಾರೆ, ಇದರಿಂದ ಮಕ್ಕಳು ಕೆಡುತ್ತಾರೆ ಎಂದು ಬರೆದಿದ್ದರು. ಸವಣೂರಿನ ಎಲೆ ಅಂಗಡಿಯಲ್ಲಿ ಕೂತ ಹಿರಿಯರೂ ಅದನ್ನೇ ಹೇಳಿದರು. ಹೇಳಿ, ಮರುದಿನ ಮತ್ತೆ ಬಂದು ಮುಂದೆ ಕೂತರು.

ಚಿತ್ರ ಮುಗಿದ ಮೇಲೆ ಪರದೆಯನ್ನು ಕೆರೆಗೆ ಒಯ್ದೆ. ಮಾವ ಬಿಚ್ಚಿ ಬಂಡೆಯ ಮೇಲೆ ಹರಡಿದ. ಬೆರಳು ಆಡಿಸಿದ. ಒಂದು ಕಡೆ ಬೆರಳು ನಿಂತಿತು.

"ಸಾಹೇಬ, ಇಲ್ಲೆ ಇಷ್ಟ ಎಲಿ ಉಗುಳ್ಯಾರಲ್ಲ, ಇಲ್ಲೆ ಯಾವ ನಿಂದ್ರತಾನ ಕೇಳು."

"ಅಪ್ಪ," ಎಂದೆ.

"ಏನ ಮಾಡ್ಯಾನ?"

"ಮಗಳಿಗೆ ಬಾಗಲಾ ತಗದಿಲ್ಲ."

ಮಾವನ ಬೆರಳು ಕೆಳಗಿಳಿಯಿತು. ಪರದೆಯ ಬುಡದಲ್ಲಿ ಅಂಗೈ ಅಗಲ ಕುಂಕುಮ ಮೆತ್ತಿತ್ತು. ಆಟ ಮುಗಿದ ಮೇಲೆ ಒಬ್ಬ ಮುದುಕಿ ಎದ್ದು ಬಂದು ಹಚ್ಚಿದ್ದಳು. ಅವಳ ಹಿಂದೆ ಉಳಿದ ಹೆಂಗಸರೂ ಬಂದಿದ್ದರು. ಹೀಗೆ ದೇವರ ಚಿತ್ರಕ್ಕೆ ಮಾತ್ರ ಮಾಡುತ್ತಿದ್ದರು.

"ಇಲ್ಲೆ?"

"ಮಗಳು ಕುಂದರತಾಳ. ಹೊಸ್ತಲದ ಹೊರಗ."

ಪೇಪರಿನವರು ಬರೆದದ್ದನ್ನೂ ನಾನು ಸಾಹೇಬನಿಗೆ ಹೇಳಿದೆ. ಮಾವ ತಲೆ ಎತ್ತಲಿಲ್ಲ. "ಅವ್ರು ಏನರ ಬರೀಲಿ. ಅರಿವಿ ಸುಳ್ಳ ಹೇಳೂದಿಲ್ಲ," ಎಂದ.

ಎಲೆಯ ಕಲೆಯನ್ನು ತಿಕ್ಕಿ ತಿಕ್ಕಿ ತೆಗೆದ. ಕುಂಕುಮಕ್ಕೆ ಸೋಪು ಮುಟ್ಟಿಸಲಿಲ್ಲ. ಬರೀ ನೀರಲ್ಲಿ ಅದ್ದಿ ಎತ್ತಿದ. ಸಾವ್ಕಾರ ನನ್ನನ್ನು ಬೈದ. ಮುಂದೆ ಎಷ್ಟು ಚಿತ್ರ ಬಂದರೂ ಪರದೆಯ ಬುಡದಲ್ಲಿ ಆ ತೆಳು ಕೆಂಪು ಇದ್ದೇ ಇರುತ್ತಿತ್ತು.

ಟೆಂಟು ಕಿತ್ತು ನಾನು ರಟ್ಟೀಹಳ್ಳಿಗೆ ಬಂದು ನಾಲ್ಕು ದಿನವಾಗಿರಬೇಕು. ಹೊರಗೆ ಕತ್ತೆಯ ಗೊರಸಿನ ಸದ್ದು. ಮಾವ ಎರಡು ದಿನ ನಡೆದು ಬಂದಿದ್ದ. ಸಾಹೇಬನ ಬೆನ್ನ ಮೇಲೆ ಗಂಟು. ಅದರಲ್ಲಿ ಬಸುರಿ ಮಗಳಿಗೆ ತವರಿನವರು ತರುವ ಹಸಿರು ಸೀರೆ, ಕುಬಸದ ಕಣ, ಉಂಡಿ. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ಕೂತ.

"ಸಾಹೇಬ, ತವರಿನವ್ರು ಬಂದಾರ ಅಂತ ಒಳಗ ಹೇಳು."

ಹೆಂಡತಿ ಒಲೆಯ ಮುಂದಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಅಲ್ಲಿಂದಲೇ ಹೇಳಿದಳು. "ಸಾಹೇಬ, ಬಾಗಲಾ ತಗದೇ ಐತಿ ಅಂತ ಹೇಳು."

ಹೆರಿಗೆ ಸವಣೂರಿನಲ್ಲೇ ಆಯಿತು. ಮಾವನ ಅಕ್ಕ ಬಾಣಂತನ ಮಾಡಿದಳು. ಮಾವ ಮೊಮ್ಮಗಳ ಬಟ್ಟೆಯನ್ನು ಊರಿನ ಬಟ್ಟೆಗಿಂತ ಮೊದಲು ಒಗೆಯುತ್ತಿದ್ದ. ಆದರೂ ನಾವಿಬ್ಬರು ನೆಟ್ಟಗೆ ಮಾತಾಡಲಿಲ್ಲ. ಸಿಟ್ಟಲ್ಲ, ರೂಢಿ. ಆ ಚಿತ್ರ ಮತ್ತೊಮ್ಮೆ ಬಂದಾಗ, ಟೆಂಟಿಗೆ ಬಾ ಎಂದು ಕತ್ತೆಯ ಕಡೆಯಿಂದ ಕರೆದೆ. "ಒಗದೇನಲ್ಲ, ಮತ್ತೇನ ನೋಡೂದು," ಎಂದ.

ಹೋದ ಬೇಸಿಗೆಯಲ್ಲಿ ಜ್ವರ ಬಂದು ಮಾವ ಮೂರೇ ದಿನದಲ್ಲಿ ಹೋದ. ನಾನು ಹಿರೇಕೆರೂರಿನಲ್ಲಿ ಕಂಬ ನೆಡುತ್ತಿದ್ದೆ. ಬರುವಷ್ಟರಲ್ಲಿ ಮಣ್ಣಾಗಿತ್ತು. ಮಾವಾ ಎಂದು ಅವನ ಎದುರಿಗೆ ಒಮ್ಮೆಯೂ ಕರೆದಿರಲಿಲ್ಲ.

ಕೆರೆಗೆ ಹೋದೆ. ಬಂಡೆ ಒಣಗಿತ್ತು. ಸಾಹೇಬ ಅದರ ಪಕ್ಕಕ್ಕೆ ತಲೆ ತಗ್ಗಿಸಿ ನಿಂತಿದ್ದ. ಅವನ ಕಿವಿಯ ಹತ್ತಿರ ಬಗ್ಗಿದೆ.

"ಮಾವಗ ಹೇಳು," ಎಂದೆ. "ಮಗಳು ಆರಾಮದಾಳ. ಅಕಿ ಎಲ್ಲೆ ಅಂತ ಹುಡುಕೂದು ಬ್ಯಾಡ."